ಜವಳಿಯ ದಿನ ಎಲ್ಲರೂ ನೋಡುವ ಮುಖ

ರಬಕವಿಯ ಸೀರೆ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಸೀರೆ ಬಿಚ್ಚಿ ತೋರಿಸುವುದೇ ನನ್ನ ಕೆಲಸ. ಅದೇ ಕೆಲಸಕ್ಕೆ ನನ್ನ ಜೊತೆಗೆ ಇನ್ನೊಬ್ಬನಿದ್ದ; ಅವನು ಬಂದು ಮೂರು ವರ್ಷವಾಗಿತ್ತಷ್ಟೇ. ಸಾವಳಗಿಯವನು, ನನ್ನದೇ ವಯಸ್ಸು. ಆದರೂ ಮದುವೆ ಜವಳಿಗೆಂದು ಬೀಳಗಿ, ಮುಧೋಳದ ಕಡೆಯಿಂದ ಟೆಂಪೊ ತುಂಬ ಹೆಂಗಸರು ಬಂದಿಳಿದರೆ ಸಾವುಕಾರರು ಅವನನ್ನೇ ಕರೆಯುತ್ತಿದ್ದರು. ನನ್ನ ಮುಂದೆ ಕೂತವರು ಐವತ್ತು ಸೀರೆ ಬಿಚ್ಚಿಸಿ, "ಜಮಖಂಡ್ಯಾಗ ಒಂದೀಟು ನೋಡಿ ಬರ್ತೀವ್ರಿ" ಎಂದು ಏಳುತ್ತಿದ್ದರು. ಅವನ ಮುಂದೆ ಕೂತವರು ಆರನೆಯದಕ್ಕೇ ಒಪ್ಪುತ್ತಿದ್ದರು. ಹೊಟ್ಟೆ ಉರಿಯದೆ ಇನ್ನೇನಾದೀತು? ಅವನ ಚಹಾ ಕಪ್ಪು ನನ್ನದಕ್ಕಿಂತ ಹೆಚ್ಚು ತುಂಬಿರುತ್ತದೆ ಎಂದು ಕೂಡ ನನಗೆ ಅನ್ನಿಸುತ್ತಿತ್ತು.

ಅವನ ಗುಟ್ಟನ್ನು ಕದ್ದು ಕಲಿತೆ. ಸೀರೆ ಹರವಿದ ಕೂಡಲೇ ನಾನು ಮದುಮಗಳನ್ನೋ, ದುಡ್ಡು ಕೊಡುವವರನ್ನೋ ನೋಡುತ್ತಿದ್ದೆ. ಅವನು ನೋಡುತ್ತಿದ್ದುದು ಎಲ್ಲರ ಕಣ್ಣು ಯಾರ ಕಡೆ ಹೊರಳುತ್ತದೆ ಎಂದು. ಒಮ್ಮೆ ಮುಧೋಳದ ಗುಂಪಿನಲ್ಲಿ ಒಬ್ಬ ಅತ್ತೆ ಗಂಟಲು ಹರಿದುಕೊಳ್ಳುತ್ತಿದ್ದಳು. ಆದರೆ ಮಂದಿಯ ಕಣ್ಣೆಲ್ಲ ಮೂಲೆಯಲ್ಲಿ ಎಲೆ ಅಡಿಕೆ ಜಗಿಯುತ್ತ ಕೂತ ಮುದುಕಿಯ ಕಡೆ ಹೋಗಿ ಬರುತ್ತಿತ್ತು. ಯಾವ ಸೀರೆಗೆ ಮುದುಕಿ ಜಗಿಯುವುದನ್ನು ನಿಲ್ಲಿಸಿದಳೋ ಅದನ್ನು ಅವನು ಪಕ್ಕಕ್ಕಿಟ್ಟ. ಕಡೆಗೆ ಹದಿನಾಲ್ಕು ಜನವೂ ಅದನ್ನೇ ಆರಿಸಿದರು. ಇಷ್ಟೇನಾ ಎಂದುಕೊಂಡೆ.

ಅದೇ ವರ್ಷ ನನ್ನ ಮಗಳ ಮದುವೆ ಕೂಡಿಬಂತು. ಅವಳ ಸೀರೆ ನನ್ನ ಕೈಯಿಂದಲೇ ಆಗಬೇಕು, ಅವನು ಹತ್ತಿರ ಸುಳಿಯಬಾರದು ಎಂದು ಹಟ ಹಿಡಿದೆ. ಹೆಂಡತಿ, ಅಕ್ಕಂದಿರು, ನಾದಿನಿಯರು ಸುತ್ತ ಕೂತರು. ಸೀರೆ ಬಿಚ್ಚುತ್ತ ಆ ಒಂದು ಮುಖಕ್ಕಾಗಿ ಹುಡುಕಿದೆ. ಸಿಗಲಿಲ್ಲ. ಇನ್ನೊಂದು ತೋರಿಸು ಎಂಬಂತೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೀಗೇ ಒಂದು ತಾಸು ಕಳೆಯಿತು.

ಆಗ ಅವನು, ಯಾರೂ ಕರೆಯದಿದ್ದರೂ, ನವಿಲು ಬಣ್ಣದ ಸೀರೆಯೊಂದನ್ನು ತಂದು ಹರವಿದ. ಮಗಳು ಸೆರಗು ಎತ್ತಿ ಹೆಗಲ ಮೇಲೆ ಹಾಕಿಕೊಂಡಳು. ತಲೆ ಎತ್ತಿದವಳು ಮೆಲ್ಲಗೆ ಅದನ್ನು ತೆಗೆದಿಟ್ಟಳು. "ಇದು ಬ್ಯಾಡ ಬಿಡ್ರಿ" ಎಂದಳು ಅಕ್ಕ. ಉಳಿದವರೂ ಬೇಡವೆಂದರು. ನಾನು ಮೊದಲು ತೋರಿಸಿದ್ದ ಕೆಂಪು ಸೀರೆಯೇ ಗಟ್ಟಿಯಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಅವನಿಗೂ ಚಹಾ ತರಿಸಿದೆ.

ಮನೆಯವರು ಹೋದ ಮೇಲೆ ಅವನು ಚಹಾ ಊದುತ್ತ ಹೇಳಿದ: "ಅಕಿಗೆ ನವಿಲು ಬಣ್ಣದ್ದ ಬೇಕಾಗಿತ್ರಿ. ನೀವು ಮಾರಿ ಗಂಟು ಹಾಕಿದ್ರಿ, ಅಕಿ ಕೈ ಬಿಟ್ಟಳು. ನಿಮ್ಮ ಮನಿ ಮಂದಿ ಎಲ್ಲಾ ನಿಮ್ಮ ಮಾರಿ ನೋಡೇ ಬಾಯಿ ಬಿಡ್ತಾರ. ತನ್ನ ಬೆನ್ನು ತನಗ ಕಾಣಂಗಿಲ್ಲ ಬಿಡ್ರಿ."

ನಾನು ಮುಖ ಗಂಟಿಕ್ಕಿದ್ದು ಸೀರೆಗಲ್ಲ, ಅದನ್ನು ತಂದ ಕೈಗೆ. ಅದನ್ನು ಅವನಿಗೆ ಹೇಗೆ ಹೇಳಲಿ? ನನ್ನ ಮನೆಯನ್ನು ನನಗಿಂತ ಚೆನ್ನಾಗಿ ಬಲ್ಲನಲ್ಲ ಎಂದು ಮತ್ತೆ ಉರಿಯಿತು. ಮಗಳು ಸೆರಗು ತೆಗೆದಿಟ್ಟದ್ದು ನೆನಪಾಗಿ ಚಹಾ ಕಪ್ಪು ಕೆಳಗಿಟ್ಟೆ.

ಮರುದಿನ ಆ ಸೀರೆಯನ್ನೂ ಕಟ್ಟಿಸಿಕೊಂಡು ಮನೆಗೆ ಒಯ್ದೆ. "ನಾನ ಆರಿಸೇನವ್ವಾ" ಎಂದೆ. ಮಗಳು ಪೊಟ್ಟಣ ಬಿಚ್ಚಿದಳು, ನವಿಲು ಬಣ್ಣ ಕಂಡಿತು. ಅವಳು ಸೀರೆ ಮುಟ್ಟಲಿಲ್ಲ. ಮೊದಲು ತಲೆ ಎತ್ತಿ ನನ್ನ ಮುಖ ನೋಡಿದಳು.