ನಮ್ಮ ಗೋಲ್‌ಕೀಪರನ್ನು ಹೊಗಳಿ ಕಳಿಸಿದ್ದು

"ನಂದೂ!"

ಬೆಳಗ್ಗೆ ಆರೂಕಾಲಿಗೆ, ಎರಡು ರಸ್ತೆ ಆಚೆಯ ಮೈದಾನದಿಂದ, ಕುಕ್ಕರಿನ ಸೀಟಿಯನ್ನೂ ಮೀರಿ ಜಯನಗರದ ನಮ್ಮ ಅಡುಗೆಮನೆಗೆ ಬರುತ್ತಿದ್ದ ಕೂಗು ಅದು. ಗಾಳಿಯಲ್ಲಿರುವ ಚೆಂಡು ತನ್ನದು, ಬೇರೆ ಯಾರೂ ಹಾರಬೇಡಿ ಎಂದು ನಮ್ಮ ಗೋಲ್‌ಕೀಪರ್ ಹಾಕುತ್ತಿದ್ದ ಬೊಬ್ಬೆ. ಅರ್ಧದಷ್ಟು ಸಲ ಚೆಂಡು ಅವನದಾಗಿರುತ್ತಿರಲಿಲ್ಲ. ಆದರೆ ಆ ಗಂಟಲಿಗೆ ನಮ್ಮ ಡಿಫೆಂಡರುಗಳೇನು, ಎದುರು ತಂಡದವರೂ ಇದ್ದಲ್ಲೇ ನಿಂತುಬಿಡುತ್ತಿದ್ದರು. ಒಮ್ಮೆ ವಾಕಿಂಗ್ ಹೊರಟಿದ್ದ ರಿಟೈರ್ಡ್ ಜಡ್ಜ್ ಒಬ್ಬರು ಕೈ ಮೇಲೆತ್ತಿ ನಿಂತಿದ್ದನ್ನು ನಾನೇ ಕಂಡಿದ್ದೇನೆ.

ನಾನು ಆ ಕ್ಲಬ್ಬಿನ ಆನರರಿ ಸೆಕ್ರೆಟರಿ. ಫುಟ್‌ಬಾಲಿಗೆ ಸಂಬಂಧಪಟ್ಟಂತೆ ನನಗಿದ್ದ ಅರ್ಹತೆ ಎರಡೇ: ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು, ಮತ್ತು ಹದಿನೈದು ಜನ ಕೂರುವಂಥ ವರಾಂಡ. ಕೋಚು ನನ್ನ ತಮ್ಮ, ಅರವತ್ತೆಂಟು ವಯಸ್ಸಿನ ಹುಡುಗ. ನಾವು ಆಡುತ್ತಿದ್ದದ್ದು ಲೀಗಿನ ಎಷ್ಟನೇ ಡಿವಿಷನ್ ಎಂದು ಕೇಳಬೇಡಿ. ನಮಗಿಂತ ಕೆಳಗೆ ಇನ್ನೊಂದಿತ್ತು, ಅಷ್ಟೇ ಸಮಾಧಾನ.

ಗೋಲ್‌ಕೀಪರಿಗೆ ನಲವತ್ತೊಂದು ದಾಟಿತ್ತು. ಹೊಸಕೆರೆಹಳ್ಳಿಯವನು, ಬನಶಂಕರಿಯ ಒಂದು ಸ್ಕೂಲಿಗೆ ವ್ಯಾನ್ ಓಡಿಸುತ್ತಿದ್ದ. ದಿನಾ ಬೆಳಗ್ಗೆ ನಾನು ಫ್ಲಾಸ್ಕ್ ಹಿಡಿದು ಹೋಗುವ ಹೊತ್ತಿಗೆ ಗೋಲ್‌ಪೋಸ್ಟಿನ ಹಿಂದೆ ನನ್ನ ಪ್ಲಾಸ್ಟಿಕ್ ಕುರ್ಚಿ ಹಾಕಿ, ಸೀಟನ್ನು ಒರೆಸಿ ಇಟ್ಟಿರುತ್ತಿದ್ದ. ಮ್ಯಾಚಿನ ದಿನ ಅಲ್ಲಿ ಕೂತರೆ ಎದುರಾಳಿಗಳ ಕುಲಗೋತ್ರವೆಲ್ಲ ನನಗೆ ಸಿಗುತ್ತಿತ್ತು. "ಆ ನಂಬರ್ ಒಂಬತ್ತು ನೋಡಿ ಮೇಡಂ, ಎಡಗಾಲು ಬರೀ ಚಪ್ಪಲಿ ಹಾಕ್ಕೊಳಕ್ಕೆ ಇಟ್ಕೊಂಡಿದಾನೆ." ನಾನು ನಗುತ್ತಿದ್ದೆ. ಅಷ್ಟರಲ್ಲಿ ನಂಬರ್ ಒಂಬತ್ತು ಎಡಗಾಲಲ್ಲೇ ಗೋಲ್ ಹೊಡೆದಿರುತ್ತಿದ್ದ. "ಇವತ್ತೇ ಕಲ್ತಿರ್ಬೇಕು ಬಿಡಿ" ಎನ್ನುತ್ತಾ ಇವನು ನೆಟ್‌ನಿಂದ ಚೆಂಡು ಬಿಡಿಸಿಕೊಳ್ಳುತ್ತಿದ್ದ.

ಇದೆಲ್ಲ ಕೆಟ್ಟದ್ದು ನನ್ನ ತಮ್ಮ ಮೊಬೈಲಿನಲ್ಲಿ ಯೂರೋಪಿನ ಟ್ರಾನ್ಸ್‌ಫರ್ ನ್ಯೂಸ್ ನೋಡುವುದಕ್ಕೆ ಶುರುಮಾಡಿದ ಮೇಲೆ. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಫೋನು.

"ಅಕ್ಕಾ, ಸ್ಪೇನ್‌ನವ್ರು ಒಬ್ಬನ್ನ ಫ್ರೀಯಾಗಿ ಎತ್ಕೊಂಡ್ರು. ಕಾಂಟ್ರಾಕ್ಟ್ ಮುಗ್ದಿತ್ತು, ಫ್ರೀ ಏಜೆಂಟ್. ಟೀಮ್ ಕಟ್ಟೋದಂದ್ರೆ ಹಿಂಗೆ."

"ಫ್ರೀಯಾಗಿ ಸಿಕ್ಕಿದ್ದು ಯಾಕೆ ಸಿಕ್ತು ಅಂತ ಯೋಚನೆ ಮಾಡು. ಸಂತೆಯಲ್ಲಿ ಸಂಜೆ ಬಿಟ್ಟಿ ಕೊಡೋ ಟೊಮೇಟೊ ನೋಡಿಲ್ವಾ?"

ಕೇಳಲಿಲ್ಲ. ತಂಡವನ್ನೇ ಮುಚ್ಚಿದ ಯಾವುದೋ ಕಂಪನಿಯಿಂದ ಹೊರಬಿದ್ದಿದ್ದ, ಇಪ್ಪತ್ತೆರಡು ವಯಸ್ಸಿನ ಕೇರಳದ ಗೋಲ್‌ಕೀಪರನ್ನು ಪತ್ತೆ ಮಾಡಿದ. ಬಿಟಿಎಂನಲ್ಲಿ ಪಿಜಿ ಕಟ್ಟಿಸಿದ್ದ ಕ್ಲಬ್ಬಿನ ಹಿತೈಷಿಯೊಬ್ಬರನ್ನು ಕಾಡಿ ಬೇಡಿ, ಸೈನಿಂಗ್ ಬೋನಸ್ ಎಂದು ಅವನಿಗೊಂದು ಮಂಚ, ಮೂರು ಹೊತ್ತಿನ ಊಟ ಕೊಡಿಸಿದ. ಆ ಹುಡುಗ ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದವನು ಬಂದ ಮೇಲೂ ತಗ್ಗಿಸಿಯೇ ನಿಂತಿದ್ದ, ಫ್ಯಾನಿನ ಭಯಕ್ಕೆ. ಅಂಗೈ ಒಂದೊಂದೂ ಮೊರದಗಲ. ತಮ್ಮ ಅವನನ್ನು ಮದುವೆ ಗಂಡಿನ ಹಾಗೆ ಸುತ್ತು ಹಾಕಿ ನೋಡಿದ.

ಹಾಗಾದರೆ ಹಳೆಯವನನ್ನು ಬಿಡಬೇಕು. ಯಾರು ಹೇಳುವುದು?

"ನೀನೇ ಒಂದು ಲೆಟರ್ ಬರಿಯಕ್ಕಾ. ನಿನ್ನ ಇಂಗ್ಲಿಷಲ್ಲಿ ಬೈದ್ರೂ ಆಶೀರ್ವಾದ ಮಾಡಿದ ಹಾಗಿರತ್ತೆ."

ಕಾನ್ವೆಂಟಿನಲ್ಲಿ ನಮಗೆ ಪತ್ರ ಬರೆಯುವುದನ್ನು ಕಲಿಸಿದ್ದು ಮದರ್ ಸುಪೀರಿಯರ್. ಕೆಟ್ಟ ಸುದ್ದಿಯನ್ನು ಮೂರನೇ ಪ್ಯಾರಾಗ್ರಾಫಿಗಿಂತ ಮುಂಚೆ ಹೇಳಕೂಡದು, ಹೇಳಿದರೂ ಮೆತ್ತನೆಯ ದಿಂಬಿನ ಮೇಲಿಟ್ಟು ಹೇಳಬೇಕು ಎಂಬುದು ಅವರ ಕಟ್ಟಪ್ಪಣೆ. ನಾನು ಕ್ಲಬ್ಬಿನ ಲೆಟರ್‌ಹೆಡ್ ತೆಗೆದು ನಾಲ್ಕು ಪ್ಯಾರಾ ಬರೆದೆ. ಅವನ ಲಾಯಲ್ಟಿ, ಅವನ ಗ್ಯಾಲಂಟ್ ಸರ್ವೀಸ್, ಕ್ಲಬ್ಬಿನ ಎವರ್‌ಲಾಸ್ಟಿಂಗ್ ಗ್ರಾಟಿಟ್ಯೂಡ್. ಮೂರನೇ ಪ್ಯಾರಾದಲ್ಲಿ, ಇನ್ನು ಮುಂದೆ ನಿಮ್ಮ ಪ್ರತಿಭೆಯಿಂದ ಯಾವ ಗೋಲ್‌ಪೋಸ್ಟನ್ನು ಬೇಕಾದರೂ ನೀವು ಅಲಂಕರಿಸಬಹುದು ಎಂಬರ್ಥದ ಒಂದು ಉದ್ದನೆಯ ವಾಕ್ಯ. ಓದಿ ನನಗೇ ಕಣ್ಣಲ್ಲಿ ನೀರು ಬಂತು. ಈಗ ಯೋಚಿಸಿದರೆ, ಆ ಕಾಗದದಲ್ಲಿ ಬರೀ ದಿಂಬೇ ಇತ್ತು, ಸುದ್ದಿ ಇರಲಿಲ್ಲ.

ಮಾರನೆಯ ದಿನ ಅವನು ಎಂದಿನಂತೆ ಮೈದಾನಕ್ಕೆ ಬಂದ, ಒಂದು ಕಿಲೋ ಮೈಸೂರುಪಾಕಿನೊಂದಿಗೆ. ಏಳನೇ ಕ್ಲಾಸಿನ ಮಗಳು ಲೆಟರನ್ನು ಮನೆಯವರಿಗೆಲ್ಲ ಓದಿ ಹೇಳಿದಳಂತೆ. ಅದನ್ನು ಲ್ಯಾಮಿನೇಟ್ ಮಾಡಿಸಿ ಟಿವಿಯ ಮೇಲೆ ಇಟ್ಟಿದ್ದಾನಂತೆ. "ಇಷ್ಟು ವರ್ಷಕ್ಕೆ ಒಬ್ಬರಾದ್ರೂ ಬರೆದು ಕೊಟ್ರಲ್ಲ ಮೇಡಂ" ಎಂದು ನನ್ನ ಮುಂದೆ ಡಬ್ಬ ಹಿಡಿದ. ನಾನು ತಮ್ಮನ ಕಡೆ ನೋಡಿದೆ. ಕೋಚ್ ಸಾಹೇಬರು ಕಾರ್ನರ್ ಫ್ಲ್ಯಾಗಿನ ಹತ್ತಿರ ಶೂ ಲೇಸ್ ಕಟ್ಟುತ್ತಿದ್ದರು. ಅವನು ಹಾಕಿದ್ದದ್ದು ಚಪ್ಪಲಿ.

ನಾನು ಮೈಸೂರುಪಾಕ್ ತಿಂದೆ. ಎಲ್ಲರೂ ತಿಂದರು.

ಆಮೇಲಿನ ಮೂರು ವಾರ ನಮ್ಮ ಕ್ಲಬ್ಬು ನಡೆಸಿದ ಸಂಸಾರ ಇಬ್ಬರು ಹೆಂಡಿರ ಗಂಡನದು. ಹಳೆಯವನಿಗೆ ಆರು ಗಂಟೆಗೆ ಪ್ರಾಕ್ಟೀಸು, ಅವನು ವ್ಯಾನಿಗೆ ಹೋದ ಮೇಲೆ ಎಂಟಕ್ಕೆ ಹೊಸಬನಿಗೆ. ದಿನಾ ರಾತ್ರಿ ನಾವು ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆವು. ನನ್ನಷ್ಟು ಡಿಗ್ನಿಫೈಡ್ ಹೇಡಿ ಜಯನಗರದ ಒಂಬತ್ತು ಬ್ಲಾಕಿನಲ್ಲೂ ಇರಲಿಲ್ಲ.

ಲೀಗಿಗೆ ಆಟಗಾರರ ಹೆಸರು ಕೊಡುವ ರಿಜಿಸ್ಟ್ರೇಷನ್ನಿನ ಕೊನೆಯ ದಿನ ಮಧ್ಯಾಹ್ನ ತಲಘಟ್ಟಪುರದ ಕ್ಲಬ್ಬಿನ ಸೆಕ್ರೆಟರಿಯ ಫೋನ್ ಬಂತು.

"ಮೇಡಂ, ನಿಮ್ ಗೋಲ್‌ಕೀಪರ್‌ನ ಬಿಟ್ಟಿದೀರಂತೆ, ನಿಜಾನಾ? ನಮ್ಗೆ ಕೀಪರ್ ಇಲ್ಲ. ಫೋನ್ ಮಾಡಿದ್ರೆ, 'ನಮ್ ಕ್ಲಬ್ ನನ್ನ ಬಿಡಲ್ಲ, ಲೆಟರ್ ಇದೆ' ಅಂತಾನೆ. ಐದು ಗಂಟೆಗೆ ಲೀಗ್ ಆಫೀಸ್ ಬಾಗಿಲು ಹಾಕ್ತಾರೆ. ಇವತ್ತು ಹೆಸರು ಬರಲಿಲ್ಲ ಅಂದ್ರೆ ಅವನು ಈ ಸೀಸನ್ ಯಾರಿಗೂ ಆಡೋ ಹಾಗಿಲ್ಲ. ಆ ವಯಸ್ಸಲ್ಲಿ ಒಂದು ವರ್ಷ ಕೂತ್ರೆ ಮುಗೀತು, ನಿಮಗೆ ಗೊತ್ತಲ್ಲ."

ನನಗೆ ಗೊತ್ತಿತ್ತು. ನಮ್ಮ ಲಿಸ್ಟಿನಲ್ಲಿ ಅವನ ಹೆಸರಿಲ್ಲ ಎಂಬುದೂ ಗೊತ್ತಿತ್ತು. ಲಿಸ್ಟ್ ಬರೆದವಳೇ ನಾನು.

ಆಟೋ ಹಿಡಿದು ಬನಶಂಕರಿಗೆ ಹೋದೆ. ಸ್ಕೂಲ್ ಬಿಡುವುದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಅವನು ವ್ಯಾನಿನ ಕನ್ನಡಿ ಒರೆಸುತ್ತಿದ್ದ.

"ಅಯ್ಯೋ, ಈ ಬಿಸಿಲಲ್ಲಿ ಯಾಕ್ ಬಂದ್ರಿ ಮೇಡಂ? ಫೋನ್ ಮಾಡಿದ್ರೆ ನಾನೇ ಬರ್ತಿರ್ಲಿಲ್ವಾ?"

"ನಿನ್ನನ್ನ ಟೀಮಿಂದ ತೆಗೆದಿದೀವಿ ಕಣಪ್ಪಾ."

ಅವನ ಬಟ್ಟೆ ಕನ್ನಡಿಯ ಮೇಲೆಯೇ ನಿಂತಿತು. "ಯಾವಾಗ?"

"ಲೆಟರ್ ಕೊಟ್ಟಾಗಲೇ."

"ಅದ್ರಲ್ಲಿ ಹೊಗಳಿದ್ರಲ್ಲ?"

"ಹೊಗಳಿ ತೆಗೆದಿದ್ದು."

"ಮಗಳು ಮೂರು ಸಲ ಓದಿದ್ಲು ಮೇಡಂ. ಎಲ್ಲೂ ಸಿಗ್ಲಿಲ್ಲ." ಬಟ್ಟೆಯನ್ನು ಕನ್ನಡಿಯಿಂದ ತೆಗೆದು ಕೇಳಿದ: "ಹುಡುಗ್ರಿಗೆಲ್ಲ ಗೊತ್ತಿತ್ತಾ?"

"ಗೊತ್ತಿತ್ತು."

"ಮೈಸೂರುಪಾಕ್ ತಿನ್ನೋವಾಗ್ಲೂ?"

"ಆಗ್ಲೂ."

ಅಷ್ಟರಲ್ಲಿ ಬೆಲ್ ಹೊಡೆಯಿತು. ಹದಿನಾರು ಮಕ್ಕಳು ಬ್ಯಾಗು, ವಾಟರ್ ಬಾಟಲ್ ಸಮೇತ ನಮ್ಮ ಮೇಲೆ ಬಂದು ಬಿದ್ದರು. ತಲಘಟ್ಟಪುರದವರು ಕಾಯುತ್ತಿರುವುದನ್ನೂ ಐದು ಗಂಟೆಯ ಗಡುವನ್ನೂ ನಾನು ಆ ಗಲಾಟೆಯ ನಡುವೆಯೇ ಕೂಗಿ ಹೇಳಿದೆ. ಅವನು ಒಬ್ಬೊಬ್ಬರನ್ನೇ ಎತ್ತಿ ಕೂರಿಸುತ್ತಾ, ನನ್ನ ಮುಖ ನೋಡದೆ ಹೇಳಿದ: "ಇವ್ರನ್ನ ಮನೆಗೆ ಬಿಡ್ದೆ ನಾನು ಎಲ್ಲೂ ಬರಲ್ಲ."

ಹತ್ತಿ ಕೂತೆ. ಆ ಮಧ್ಯಾಹ್ನ ನಾನು ಹೊಸಕೆರೆಹಳ್ಳಿಯಿಂದ ವಸಂತಪುರದವರೆಗಿನ ಎಲ್ಲ ಅಡ್ಡರಸ್ತೆ ನೋಡಿದೆ. ಪಕ್ಕದಲ್ಲಿ ಕೂತಿದ್ದ ಯುಕೆಜಿಯ ಹುಡುಗಿ "ನೀವು ಯಾವ ಸ್ಟಾಪ್ ಆಂಟಿ?" ಎಂದು ಕೇಳಿದಳು. ಲಾಸ್ಟ್ ಸ್ಟಾಪ್ ಪುಟ್ಟಿ, ಎಂದೆ. ಕೊನೆಯ ಮನೆಯಲ್ಲಿ ಅಜ್ಜಿಯೊಬ್ಬರು ಮಗುವನ್ನು ಇಳಿಸಿಕೊಂಡು ಡ್ರೈವರಿಗೆ ಗೃಹಪ್ರವೇಶದ ಆಮಂತ್ರಣ ಕೊಡುತ್ತಾ ನಿಂತರು. ಗಂಟೆ ನಾಲ್ಕೂಕಾಲು. ಅಜ್ಜಿ ಪತ್ರಿಕೆಗೆ ಅರಿಶಿನ ಹಚ್ಚುವವರೆಗೂ ಅವನು ಕಾದು ಎರಡೂ ಕೈಯಲ್ಲಿ ಇಸಕೊಂಡ. ನಡುವೆ ಅವನ ಮನೆಯ ಮುಂದೆ ನಿಲ್ಲಿಸಿ, ಲೀಗ್ ಆಫೀಸಿನಲ್ಲಿ ತೋರಿಸಲು ಲೆಟರ್ ತಂದದ್ದೂ ಆಗಿತ್ತು.

ಲೀಗ್ ಆಫೀಸು ತಲುಪಿದಾಗ ಐದಕ್ಕೆ ಹತ್ತು ನಿಮಿಷ. ತಲಘಟ್ಟಪುರದ ಸೆಕ್ರೆಟರಿ ಫಾರಮ್ ಹಿಡಿದು ಮೆಟ್ಟಿಲ ಮೇಲೆ ಕುಣಿಯುತ್ತಿದ್ದರು. ಕ್ಲರ್ಕ್ ನಮ್ಮ ರಿಲೀಸ್ ಲೆಟರನ್ನು ತಿರುಗಿಸಿ ಮುರುಗಿಸಿ ನೋಡಿದ. ಸೀಲ್ ಒತ್ತಿದ. ಹೆಬ್ಬೆರಳಲ್ಲಿ ಒರೆಸಿದ. ಸೀಲ್ ಹೋಯಿತು.

"ಪ್ಲಾಸ್ಟಿಕ್ ಮೇಲೆ ಇಂಕ್ ನಿಲ್ಲತ್ತಾ ಮೇಡಂ? ಹೋಗ್ಲಿ, ಇದ್ರಲ್ಲಿ ಬಿಟ್ಟಿದೀವಿ ಅಂತ ಎಲ್ಲಿ ಬರೆದಿದೀರಿ?"

"ಥರ್ಡ್ ಪ್ಯಾರಾ" ಎಂದೆ.

ಅವನು ತುಟಿ ಆಡಿಸುತ್ತಾ ಓದಿದ. ತಲೆಯೆತ್ತಿ ನಮ್ಮ ಗೋಲ್‌ಕೀಪರನ್ನು ಹೊಸ ಗೌರವದಿಂದ ನೋಡಿದ. "ಸಖತ್ತಾಗಿದೆ. ಇಂಥವ್ರನ್ನ ಯಾಕ್ ಮೇಡಂ ಬಿಡ್ತೀರಾ?"

ಅವನ ಮೇಜಿನ ಮೇಲಿದ್ದ ಬಿಳಿ ಹಾಳೆ ಎಳೆದುಕೊಂಡು ಕನ್ನಡದಲ್ಲಿ ಬರೆದೆ: ಈ ಆಟಗಾರನನ್ನು ನಮ್ಮ ಕ್ಲಬ್ಬಿನಿಂದ ಬಿಟ್ಟಿದ್ದೇವೆ, ಇವರು ಯಾವ ಕ್ಲಬ್ಬಿಗೆ ಬೇಕಾದರೂ ಆಡಬಹುದು. ಸಹಿ ಹಾಕಿದೆ. ಗೋಲ್‌ಕೀಪರ್ ಅದನ್ನು ಕ್ಲರ್ಕಿಗೆ ಕೊಡುವ ಮೊದಲು ತಾನೇ ಓದಿದ.

"ಇಷ್ಟೇನಾ ಮೇಡಂ?"

"ಇಷ್ಟೇ."

ಸೀಲ್ ನಿಂತಿತು.

ಮನೆಗೆ ಬಂದು ತಮ್ಮನಿಗೆ ಹೇಳಿದೆ. ದೊಡ್ಡ ಭಾರ ಇಳಿಯಿತು ಎಂದು ಅವನು ಸೋಫಾದ ಮೇಲೆ ಒರಗಿದವನು ಧಡಕ್ಕನೆ ಎದ್ದು ಕೂತ. "ಅಕ್ಕಾ, ಶನಿವಾರ ಮ್ಯಾಚಿಗೆ ಹುಡುಗ್ರು ಯಾವುದ್ರಲ್ಲಿ ಹೋಗ್ತಾರೆ?" ಅಷ್ಟು ವರ್ಷ ಟೀಮು ಓಡಾಡಿದ್ದು ಆ ವ್ಯಾನಿನಲ್ಲಿ. ಟೀಮ್ ಕಟ್ಟುವ ಭರದಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ. ಆ ಸೀಸನ್ ಪೂರ್ತಿ ನಮ್ಮವರು ಬಸ್ಸಿನಲ್ಲಿ ಜೋತುಬಿದ್ದು ಹೋದರು, ಹೊಸ ಗೋಲ್‌ಕೀಪರ್ ಬಾಗಿಕೊಂಡೇ.

ತಲಘಟ್ಟಪುರದವರ ಜತೆ ನಮ್ಮ ಮ್ಯಾಚು ಬಂದದ್ದು ಸೀಸನ್ನಿನ ಕೊನೆಯಲ್ಲಿ. ನಾವು ಎರಡು ಗೋಲಿನಿಂದ ಗೆದ್ದೆವು. ನನ್ನ ಕುರ್ಚಿಯನ್ನು ಈ ಸಲ ನಾನೇ ಎಳೆದು ಹಾಕಿಕೊಂಡಿದ್ದೆ, ಸೈಡ್‌ಲೈನಿನಲ್ಲಿ. ಮ್ಯಾಚ್ ಮುಗಿದ ಮೇಲೆ ಅವನು ಎಡಗಾಲು ಸ್ವಲ್ಪ ಎಳೆಯುತ್ತಾ ಮೈದಾನ ದಾಟಿ ಬಂದ. ಮಾತಾಡಿಸುತ್ತಾನೆ ಎಂದು ನಾನು ಎಣಿಸಿರಲಿಲ್ಲ. ಕೆಳಗೆ ಹುಲ್ಲಿನ ಮೇಲೆ ಕೂತ. ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಕೊಟ್ಟೆ.

"ಹೆಂಗ್ ಆಡ್ದೆ ಮೇಡಂ?"

"ಎರಡನೇ ಗೋಲು ನಿಂದೇ ತಪ್ಪು. ಅಷ್ಟು ಮುಂದೆ ಯಾಕೆ ಬಂದೆ?"

ಅವನು ಕಾಫಿ ಕುಡಿಯುತ್ತಾ ಯೋಚಿಸಿದ. "ಹೌದು, ನಂದೇ" ಎಂದ. "ನಮ್ ಕೋಚೂ ಅದನ್ನೇ ಅಂತಾರೆ. ಬೈತಾರೆ ಮೇಡಂ, ಬಾಯ್ ತುಂಬ ಬೈತಾರೆ. ಆದ್ರೂ ಮುಂದಿನ ವರ್ಷಕ್ಕೂ ಇರು ಅಂದಿದಾರೆ."

"ಇರ್ತೀಯಾ?"

"ಮಂಡಿ ಹೇಳ್ದಂಗೆ."

ಮುಚ್ಚಳವನ್ನು ತನ್ನ ಬಾಟಲಿಯ ನೀರಿನಲ್ಲಿ ತೊಳೆದು, ಕೊಡವಿ, ನನ್ನ ಕೈಗಿತ್ತ. ಆ ಕಡೆಯಿಂದ ಯಾರೋ "ಅಣ್ಣಾ, ಫೋಟೋ!" ಎಂದು ಕೂಗಿದರು. "ಬರ್ತೀನಿ ಮೇಡಂ" ಎಂದು ಎದ್ದು, ಗ್ಲೌಸುಗಳನ್ನು ಕಂಕುಳಲ್ಲಿ ಇರುಕಿಕೊಂಡು ಹೋದ. ಹುಡುಗರು ನಡುವೆ ಜಾಗ ಬಿಟ್ಟುಕೊಂಡು ಕಾಯುತ್ತಿದ್ದರು. ಅವನು ಅಲ್ಲಿ ನಿಂತು ಕೈಯಿಂದ ತಲೆಗೂದಲು ಸರಿಮಾಡಿಕೊಳ್ಳುತ್ತಿದ್ದದ್ದೇ ನಾನು ಅವನನ್ನು ಕೊನೆಯದಾಗಿ ನೋಡಿದ್ದು.