ತೂಡಾ ತೊಳೆದ ಉಪ್ಪು

ನಮ್ಮ ಕಣಿವೆಯಲ್ಲಿ ತೂಡಾಳ ಮನೆಯ ಉಪ್ಪಿನಷ್ಟು ಬಿಳಿ ಉಪ್ಪು ಇನ್ನೆಲ್ಲೂ ಇರಲಿಲ್ಲ. ಸಂತೆಯಿಂದ ತಂದ ಹರಳುಪ್ಪಿನ ಪೊಟ್ಟಣ ಒಡೆದು, ನೀರಲ್ಲಿ ಜಾಲಿಸಿ, ಮಾಳಿಗೆಯ ಮೇಲೆ ಬಿಳಿ ಬಟ್ಟೆ ಹಾಸಿ ಅಟ್ಲಾಸ್ ಬೆಟ್ಟದ ಬಿಸಿಲಿಗೆ ಒಣಹಾಕುತ್ತಿದ್ದಳು. "ಲಾರಿಯವನ ಕಾಲ್ ಧೂಳು ನಿಮ್ ಹೊಟ್ಟೆಗೆ ಬೇಕಾ?" ಎಂದು ಕೇಳಿ ಕೇಳಿ, ಊರಿನ ಹೆಂಗಸರಿಗೆಲ್ಲ ಉಪ್ಪು ತೊಳೆಯುವ ಚಟ ಹಿಡಿಸಿದ್ದಳು.

ಮಗ್ಗವಿರಲಿ, ಜಗಳವಿರಲಿ, ಅವಳದೇ ಕೊನೆಯ ಮಾತು. ಆಸ್ಪತ್ರೆ ಬೇಕೆಂದು ನಾವು ರಸ್ತೆಗೆ ಅಡ್ಡ ಕೂತಾಗ ಜೀಪಿನ ಚಕ್ರದ ಮುಂದೆ ಕಾಲು ಚಾಚಿ ಉಣ್ಣೆ ನೂಲುತ್ತಿದ್ದವಳು ತೂಡಾ. ಘೋಷಣೆ ಕೂಗಿದ ನಾವು ಬಿಸಿಲಿಗೆ ಜಾಗ ಬದಲಿಸಿದೆವು, ಅವಳು ಕದಲಲಿಲ್ಲ. ಕೊನೆಗೆ ಸಿಕ್ಕಿದ್ದು ಒಂದು ಕೋಣೆ, ಒಬ್ಬಳು ನರ್ಸು.

ಅವಳು ಕೂತದ್ದು ಮಗಳು ಇಟ್ಟೊಗಾಗಿ. ಇಟ್ಟೊ ಹುಟ್ಟಿದಾಗ ಸರಿಯಾಗಿ ಅಳಲಿಲ್ಲ. ಹಾಲು ಕುಡಿಸಲೂ ಎಬ್ಬಿಸಬೇಕಿತ್ತು. "ಎಂಥಾ ಸಾಧು ಕೂಸು," ಎಂದು ಊರೇ ಹೊಗಳಿತು. ಸಾಧು ಕೂಸು ನಡೆಯಲು ಕಲಿತದ್ದು ಬಹಳ ತಡವಾಗಿ, ಮಾತು ಬರಲೇ ಇಲ್ಲ. ಈಗ ಅವಳ ತಲೆಯಲ್ಲಿ ನರೆಗೂದಲಿದೆ, ಅಂಗಳದ ಮೂಲೆಯಲ್ಲಿ ಉಣ್ಣೆ ಹಿಂಜುತ್ತ ಕೂರುತ್ತಾಳೆ.

ತೂಡಾಳ ಸೊಸೆ ಯಮ್ನಾ ಬಸುರಿಯಾದಾಗ ನರ್ಸು ಗಿಝ್ಲಾನ್ ಮನೆಗೆ ಬಂದಳು. ಯಮ್ನಾಳ ಕತ್ತು ಮುಟ್ಟಿ ನೋಡಿ ಅವಳ ಮುಖ ಸಣ್ಣಗಾಯಿತು. ಕಣಿವೆಯ ಎಷ್ಟೋ ಹೆಂಗಸರ ಕತ್ತಿನಲ್ಲಿದ್ದ ಹಾಗೆ ಅಲ್ಲೂ ಗಂಟು ಏಳುತ್ತಿತ್ತು. ಆಗ ಅಂಗಳದಲ್ಲಿ ಹೊಸ ಕಂಬಳಿಗೆ ಹಾಸು ಹಾಕುತ್ತಿದ್ದರು. ನೆಲಕ್ಕೆ ಗೂಟ ನೆಟ್ಟು, ನೂಲಿನ ಉಂಡೆ ಹಿಡಿದ ಹುಡುಗಿ ಗೂಟದಿಂದ ಗೂಟಕ್ಕೆ ಓಡಾಡುತ್ತಿದ್ದಳು.

"ಲಲ್ಲಾ, ಈ ಗಂಟು ಥೈರಾಯ್ಡ್ ಗ್ರಂಥೀದು," ಎಂದಳು ಗಿಝ್ಲಾನ್. ಹಿರಿಯ ಹೆಂಗಸರನ್ನು ನಮ್ಮಲ್ಲಿ ಲಲ್ಲಾ ಎಂದೇ ಕರೆಯುವುದು. "ಅದು ಅಯೋಡಿನ್ ತಗೊಂಡು ಹಾರ್ಮೋನು ಮಾಡುತ್ತೆ. ಮೊದಮೊದಲು ಹೊಟ್ಟೇಲಿರೋ ಕೂಸಿಗೆ ತನ್ನದು ಅಂತ ಇರಲ್ಲ, ತಾಯಿ ಕೊಟ್ಟಿದ್ದೇ ಗತಿ. ಅದು ಸಾಲ್ದಿದ್ರೆ ಕೂಸಿನ ಮಿದುಳು ಸರಿಯಾಗಿ ಬೆಳೆಯಲ್ಲ."

"ಕತ್ತಿಗೂ ತಲೆಗೂ ಏನೇ ಸಂಬಂಧ?" ಎಂದಳು ತೂಡಾ.

"ಮಿದುಳಲ್ಲಿ ನರಕೋಶದ ಜೊತೆ ಗ್ಲಿಯಾ ಅಂತ ಬೇರೆ ಕೋಶಗಳೂ ಇರ್ತವೆ. ಕೆಲವು ಈ ಗೂಟದ ಹಾಗೆ. ನರಕೋಶಗಳು ಅವನ್ನ ಹಿಡ್ಕೊಂಡೇ ತಮ್ಮ ಜಾಗ ಸೇರೋದು. ಇನ್ನು ಕೆಲವು ನರದ ಎಳೆಗೆ ಕೊಬ್ಬಿನ ಹೊದಿಕೆ ಸುತ್ತುತ್ತವೆ. ಹೊದಿಕೆ ಇಲ್ದಿದ್ರೆ ಸುದ್ದಿ ಕುಂಟುತ್ತೆ. ಇವಕ್ಕೆಲ್ಲ ಏಳ್ರಿ, ಕೆಲಸಕ್ಕೆ ಹತ್ರಿ ಅಂತ ಹೇಳೋದೇ ಆ ಹಾರ್ಮೋನು."

ತೂಡಾ ಗೂಟ ನೋಡಿದಳು. "ಬಟ್ಟೆ ನೇಯ್ದಾದ ಮೇಲೆ ಗೂಟ ನೆಟ್ರೆ?"

"ಪ್ರಯೋಜನ ಇಲ್ಲ, ಲಲ್ಲಾ."

ತೂಡಾ ಇಟ್ಟೊ ಕಡೆ ತಿರುಗಲಿಲ್ಲ. "ಯಮ್ನಾಗೆ ಏನ್ ಮಾಡ್ಬೇಕು ಹೇಳು."

"ಮಾತ್ರೆ ಕೊಡ್ತೀನಿ. ಅಯೋಡಿನ್ ಬೆರೆಸಿದ ಪೊಟ್ಟಣದ ಉಪ್ಪು ತಿನ್ಬೇಕು."

"ಎಷ್ಟೋ ವರ್ಷದಿಂದ ಅದನ್ನೇ ತಿಂತಿದೀವಲ್ಲೇ."

ಗಿಝ್ಲಾನ್ ಚೀಲದಿಂದ ಸಣ್ಣ ಶೀಶೆ ತೆಗೆದಳು, ಉಪ್ಪಿನಲ್ಲಿ ಅಯೋಡಿನ್ ಇದ್ದರೆ ಅದನ್ನು ನೀಲಿ ಮಾಡುವ ದ್ರವ. ಒಡೆಯದ ಪೊಟ್ಟಣದ ಉಪ್ಪಿಗೆ ಒಂದು ಹನಿ ಬಿಟ್ಟಳು, ನೀಲಿಯಾಯಿತು. ತೂಡಾ ಒಳಗಿನಿಂದ ತನ್ನ ಜಾಡಿ ತಂದಿಟ್ಟಳು. "ಇದಕ್ ಹಾಕು. ಬಣ್ಣ ಅಂದ್ರೆ ಏನು ಅಂತ ನೋಡ್ತೀಯ."

ಹನಿ ಬಿತ್ತು. ಉಪ್ಪು ಬೆಳ್ಳಗೇ ಉಳಿಯಿತು.

"ಇದನ್ನ ಏನ್ ಮಾಡಿದ್ರಿ?"

"ತೊಳೆದೆ."

"ಅಯೋಡಿನ್ ಹರಳಿನ ಮೇಲೆ ಸವರಿರ್ತಾರೆ, ಲಲ್ಲಾ. ನೀರಲ್ಲಿ ಹೋಗಿದೆ."

ಇಟ್ಟೊ ಹುಟ್ಟುವಾಗ ಪೊಟ್ಟಣದ ಉಪ್ಪೇ ಇರಲಿಲ್ಲ, ಹೇಸರಗತ್ತೆಯ ಮೇಲೆ ಬರುತ್ತಿದ್ದ ಕಲ್ಲುಪ್ಪಿನಲ್ಲಿ ತೊಳೆದು ಕಳೆಯಲು ಏನೂ ಇರಲಿಲ್ಲ ಎಂದು ಗಿಝ್ಲಾನ್ ಸಮಾಧಾನ ಹೇಳಿದಳು. ತೂಡಾಗೆ ಸಮಾಧಾನ ಬೇಕಿರಲಿಲ್ಲ. ಅವಳ ಕಣ್ಣು ಯಮ್ನಾಳ ಹೊಟ್ಟೆಯ ಮೇಲಿತ್ತು.

ತಪ್ಪು ಮಾಡಿ ಸಿಕ್ಕಿಬಿದ್ದ ನಾಯಕರನ್ನು ನಾನು ಸಾಕಷ್ಟು ನೋಡಿದ್ದೇನೆ. ಮೈಕು ಸಿಕ್ಕರೆ ಪಕ್ಕದವನ ತಲೆಗೆ ಕಟ್ಟುತ್ತಾರೆ. ತೂಡಾ ಜಾಡಿ ಎತ್ತಿಕೊಂಡು, ಹೆಂಗಸರು ಉಣ್ಣೆ ತೊಳೆಯುವ ಹಳ್ಳದ ದಡಕ್ಕೆ ಹೋಗಿ ಎಲ್ಲರೆದುರು ಬೋರಲು ಹಾಕಿದಳು.

"ಶುದ್ಧ ಶುದ್ಧ ಅಂತ ನಿಮ್ ತಲೆ ತಿಂದೋಳು ನಾನೇ. ಮಕ್ಕಳ ತಲೆಗೆ ಹೋಗ್ಬೇಕಾದ್ದನ್ನ ಹಳ್ಳಕ್ಕೆ ಹರಿಸಿದೀನಿ. ಇನ್ಮೇಲೆ ಯಾರ್ ಮಾಳಿಗೇಲಿ ಉಪ್ಪು ಒಣಗ್ತಿದ್ರೂ ಪೊರಕೆ ಹಿಡ್ಕೊಂಡ್ ಬರ್ತೀನಿ."

"ಹಂಗಾದ್ರೆ ಲಾರಿಯವನ ಕಾಲ್ ಧೂಳು?" ಎಂದು ಒಬ್ಬಳು ಚುಚ್ಚಿದಳು.

"ತಿನ್ನೇ. ನಿನ್ ಬಾಯಿಗಿಂತ ಶುದ್ಧವಾಗೇ ಇದೆ."

ಆ ಚಳಿಗಾಲ ಪೂರ್ತಿ ಅವಳು ಮನೆಮನೆಯ ಮಾಳಿಗೆ ಹತ್ತಿ ಇಳಿದಳು. ಬೈಸಿಕೊಂಡಳು, ಬೈದಳು. ಯಮ್ನಾ ಮಾತ್ರೆ ನುಂಗುವಾಗ ಎದುರಿಗೇ ನಿಂತಿರುತ್ತಿದ್ದಳು.

ಬಾದಾಮಿ ಹೂ ಬಿಡುವಾಗ ಯಮ್ನಾಗೆ ಹೆಣ್ಣು ಹುಟ್ಟಿತು. ಸೂರು ಹಾರುವ ಹಾಗೆ ಕಿರುಚಿತು. "ಅಬ್ಬಾ, ಎಂಥಾ ಹಟಮಾರಿ," ಎಂದು ಬಂದವರು ಕಿವಿ ಮುಚ್ಚಿಕೊಂಡರು. "ಕಿರುಚ್ಲಿ ಬಿಡಿ," ಎಂದಳು ತೂಡಾ. ಕಿರುಚಾಟದಿಂದ ಏನೂ ಖಾತ್ರಿಯಾಗುವುದಿಲ್ಲವೆಂದು ಗಿಝ್ಲಾನ್ ಕೂಸಿನ ಹಿಮ್ಮಡಿ ಚುಚ್ಚಿ ರಕ್ತ ತೆಗೆದು ಪಟ್ಟಣಕ್ಕೆ ಕಳಿಸಿದಳು. ಉತ್ತರ ಬರುವವರೆಗೂ ತೂಡಾ ಮಗ್ಗ ಮುಟ್ಟಲಿಲ್ಲ.

ಹಾರ್ಮೋನು ಸರಿಯಾಗಿದೆ ಎಂಬ ಸುದ್ದಿ ಬಂದ ದಿನ ಅವಳು ಕೂಸನ್ನು ಇಟ್ಟೊ ಮಡಿಲಿಗೆ ಹಾಕಿದಳು. ಕೂಸು ಅತ್ತೆಯ ಜಡೆ ಹಿಡಿದು ಎಳೆಯಿತು, ಇಟ್ಟೊ ನಕ್ಕಳು. ತೂಡಾ ಮಾಳಿಗೆ ಹತ್ತಿ ಉಪ್ಪು ಒಣಹಾಕುತ್ತಿದ್ದ ಬಟ್ಟೆ ತಂದು, ಚರ್ರನೆ ಹರಿದು, ಕೂಸಿನ ಕುಂಡಿಗೆ ಕಟ್ಟಿದಳು. ಈಗ ಅವಳು ತೊಳೆಯುವುದು ಅದನ್ನೇ.