ಸಾಕ್ಷಿಗೆ ಬಿಟ್ಟ ಮಣ್ಣು

ದೊಡ್ಡಪ್ಪನ ಬಲಗೈ ಹೆಬ್ಬೆರಳಿನ ಉಗುರಲ್ಲಿ ಕರಿಮಣ್ಣು ಸದಾ ಕೂತಿರುತ್ತಿತ್ತು. ಹಣೆಗೆ ವಿಭೂತಿ, ಮೈಗೆ ಮಡಿ ಅಂಗಿ, ಉಗುರಲ್ಲಿ ಮಾತ್ರ ಆ ಮಣ್ಣು. ಅಪ್ಪ ಸತ್ತ ಮೇಲೆ ಅದೇ ಕೈ ನನಗೆ ಉಣ್ಣಿಸಿತು, ಲಿಂಗಸುಗೂರಿನ ಶಾಲೆಗೂ ಹಾಕಿತು.

ನಿಜಾಮನ ಆಳ್ವಿಕೆ ಮುಗಿದು, ಬಳಗಾನೂರಿನ ಬಯಲಲ್ಲಿ ಕಾಲುವೆ ತೋಡುತ್ತಿದ್ದ ದಿನಗಳವು. ದೊಡ್ಡಪ್ಪ ಅಲ್ಲಿ ಮೇಸ್ತ್ರಿ. ತೆಲುಗು ಸೀಮೆಯ ಪಾಲಮೂರು ಕಡೆಯ ಬಡವರಿಗೆ ಮುಂಗಡ ಕೊಟ್ಟು ಕೂಲಿಗೆ ಕರೆತರುತ್ತಿದ್ದ. "ನನ್ನ ಮಂದಿ" ಎನ್ನುತ್ತಿದ್ದ. ಯಾರಿಗಾದರೂ ಜ್ವರ ಬಂದರೆ ಮಸ್ಕಿಯಿಂದ ತಾನೇ ಔಷಧಿ ತರುತ್ತಿದ್ದ. ಅದು ಸುಳ್ಳಲ್ಲ.

ಅಗೆದ ಗುಂಡಿಯ ನಡುವೆ ಒಂದು ಮಣ್ಣಿನ ಕಂಬವನ್ನು ಮುಟ್ಟದೆ ಬಿಡುವುದು ಅಲ್ಲಿಯ ರೂಢಿ. ಅದರ ನೆತ್ತಿಯ ಮೇಲೆ ಹಳೆಯ ನೆಲದ ಹುಲ್ಲು ಹಾಗೇ ಇರಬೇಕು. ಎಷ್ಟು ಆಳ ಅಗೆದರು ಎಂಬುದಕ್ಕೆ ಅದೇ ಸಾಕ್ಷಿ, ಕೂಲಿಯೂ ಆ ಎತ್ತರದ ಲೆಕ್ಕದಲ್ಲೇ. ಸರ್ಕಾರದವರು ಅಳೆದು ಹೋದ ಮೇಲೆ, ಮಂದಿ ಬುತ್ತಿ ಬಿಚ್ಚಿ ಕೂತಾಗ, ದೊಡ್ಡಪ್ಪ ಆ ಹುಲ್ಲನ್ನು ಮಣ್ಣಿನ ಸಮೇತ ಮೆಲ್ಲಗೆ ಎತ್ತಿಡುತ್ತಿದ್ದ. ಕಂಬವನ್ನು ಮೇಲಿನಿಂದ ಗೇಣುದ್ದ ಕೆತ್ತಿ, ಹುಲ್ಲನ್ನು ಟೊಪ್ಪಿಗೆಯಂತೆ ಮತ್ತೆ ಕೂರಿಸುತ್ತಿದ್ದ. ಆಮೇಲೆ ಕೂಲಿ ಹಂಚಲು ತಾನೇ ಹೊಸದಾಗಿ ಅಳೆಯುತ್ತಿದ್ದ; ಆ ಗೇಣಿನ ದುಡ್ಡು ಅವನ ಕಿಸೆಗೆ. ರಜೆಗೆ ಹೋದಾಗ ಕಣ್ಣಾರೆ ಕಂಡೆ. ಥೂ, ಎಂಥ ನಾಜೂಕಿನ ಕೈ!

"ಹುಲ್ಲು ಬಾಡ್ಯಾದಲ್ರೀ ಮೇಸ್ತ್ರಿ," ಎಂದ ಒಬ್ಬ ಕೂಲಿ. ನಮ್ಮ ಮಾತು ಚೆನ್ನಾಗಿ ಕಲಿತಿದ್ದ.

"ಬಿಸಲಿಗೆ ಬಾಡ್ತದಪಾ. ಅನ್ನ ಹಾಕಿದ ಕೈ ಮ್ಯಾಲೆ ಸಂಶೇ ಏನಲೇ ನಿಂದು?"

ಅವನು ತಲೆ ತಗ್ಗಿಸಿದ. ಮುಂಗಡ ತೀರುವವರೆಗೆ ಊರಿಗೆ ಹೋಗುವಂತಿರಲಿಲ್ಲ; ಹೀಗೆ ಕೂಲಿ ಸಿಕ್ಕರೆ ಅದು ತೀರುವುದೆಂದು? ಅವತ್ತೇ ಸಂಜೆ ದೊಡ್ಡಪ್ಪ ನನಗೆ ಹೊಸ ಚಪ್ಪಲಿ ಕೊಡಿಸಿದ.

ಕಾಲುವೆಗೆ ನೀರು ಬಂದ ವರ್ಷ ದೊಡ್ಡಪ್ಪ ತೀರಿಕೊಂಡ. ಮಣ್ಣು ಮಾಡಲು ನಮ್ಮ ಹೊಲದಲ್ಲಿ ಕುಣಿ ತೋಡಿದವನು ಅದೇ ಕೂಲಿ. ಇಣುಕಿ ನೋಡಿದೆ. ಕುಣಿಯ ನಡುವೆ ಮಣ್ಣಿನ ಕಂಬ ನಿಂತಿತ್ತು, ನೆತ್ತಿಯ ಮೇಲೆ ಹಸಿ ಹುಲ್ಲು.

"ಅಳದು ನೋಡ್ರಿ ತಮ್ಮಾ. ಸರಿ ಅದ ಅಂದ್ರ ಕೆಡವ್ತೀನಿ."

ನಮ್ಮ ಮನೆಯವರು ಯಾರೂ ಅಳೆಯಲು ಮುಂದೆ ಬರಲಿಲ್ಲ. ಅವನೇ ಕಂಬ ಕೆಡವಿ ಮೇಲೆ ಬಂದ. ದೊಡ್ಡಮ್ಮ ಕೂಲಿ ಕೊಡಲು ಸೆರಗಿನ ಗಂಟು ಬಿಚ್ಚಿದಳು.

"ಬ್ಯಾಡ್ರಿ ಅವ್ವಾ. ಮೇಸ್ತ್ರಿದು ಮುಂಗಡ ಇನ್ನೂ ಬಾಕಿ ಅದಲ್ರೀ, ಇದರಾಗ ಮುರ್ಕೋರಿ. ತೀರ್ತು ಅಂದ್ಬಿಟ್ರ ನಮ್ಮೂರಿಗೆ ಹೋಗ್ತೀನಿ."

"ತೀರ್ತು, ಹೋಗಪಾ," ಎಂದಳು ದೊಡ್ಡಮ್ಮ, ದೊಡ್ಡ ಮನಸ್ಸು ಮಾಡಿದವಳಂತೆ.

ಅವನು ಅವಳ ಕಾಲಿಗೆ ಬಿದ್ದ. ದೊಡ್ಡಪ್ಪನನ್ನು ನೆನೆದರೆ ಇವತ್ತಿಗೂ ಅಕ್ಕರೆ ಉಕ್ಕುತ್ತದೆ, ಅದರ ಬೆನ್ನಿಗೇ ನಾಚಿಕೆ. ಹೊರಡುವ ಮುಂಚೆ ಆ ಕೂಲಿ ನನಗೂ ಕೈ ಮುಗಿದು ಹೋದ.